ಒಣಮರವನ್ನು ನಂಬಿದ ಹಕ್ಕಿ

ಶೃಂಗೇರಿ ತಾಲೂಕಿನ ಬೇಗಾರಿನಂತಹ ಮಲೆನಾಡಿನ ಊರುಗಳಲ್ಲಿ ಮರಕುಟಿಗವೆಂದೊಡನೆ ತೋಟಕ್ಕೆ ಬರುವ ಹೊಂಬೆನ್ನಿನ ಹಕ್ಕಿಯೇ ನೆನಪಾಗುತ್ತದೆ. ತೋಟವನ್ನು ದಾಟಿ ದಟ್ಟ ಕಾಡನ್ನು ಹೊಕ್ಕರೆ ಅದೇ ಕುಲದ ಇನ್ನೊಂದು ಹಕ್ಕಿಯುಂಟು. ಅದೇ ಬಿಳಿಹೊಟ್ಟೆಯ ಕರಿ ಮರಕುಟಿಗ. ದಕ್ಷಿಣ ಭಾರತದ ಮರಕುಟಿಗಗಳಲ್ಲೆಲ್ಲ ಇದೇ ದೊಡ್ಡದು.

ಇದರ ಉದ್ದ ಸುಮಾರು 48 ಸೆಂಟಿಮೀಟರು, ಕಾಗೆಗಿಂತಲೂ ಹೆಚ್ಚು. ದೂರದಿಂದ ಕಂಡವರು ಕಾಗೆಯೆಂದೇ ಭ್ರಮಿಸುವುದುಂಟು. ಆದರೆ ಹಾರುವಾಗ ಸೊಂಟದ ಮೇಲಿನ ಬಿಳುಪು ಹೊಳೆಯುತ್ತದೆ, ಹೊಟ್ಟೆಯೂ ಬೆಳ್ಳಗಿರುತ್ತದೆ. ಗಂಡಿಗೆ ನೆತ್ತಿ, ಜುಟ್ಟುಗಳಲ್ಲದೆ ಕೆನ್ನೆಯ ಪಟ್ಟಿಯೂ ಕೆಂಪು. ಹೆಣ್ಣಿಗೆ ತಲೆಯ ಹಿಂಭಾಗವಷ್ಟೇ ಕೆಂಪು. ಚಳಿಗಾಲ ಕಳೆಯುವ ದಿನಗಳಲ್ಲಿ ಟೊಳ್ಳು ಮರದ ಮೇಲೆ ಇದು ಕೊಕ್ಕಿನಿಂದ ಬಾರಿಸುವ ಸದ್ದು ಬಹುದೂರ ಕೇಳಿಸುತ್ತದೆ. ಅದು ಆಹಾರಕ್ಕಾಗಿ ಕುಟ್ಟುವುದಲ್ಲ. ತನ್ನ ಎಲ್ಲೆಯನ್ನು ಸಾರುವ, ಜೊತೆಯನ್ನು ಕರೆಯುವ ಡಂಗುರ.

ಮರಕುಟಿಗವು ಮರವನ್ನು ಕೆಡಿಸುತ್ತದೆಂಬ ಮಾತು ನಮ್ಮಲ್ಲಿದೆ. ವಾಸ್ತವದಲ್ಲಿ ಅದು ಅರಸುವುದು ಹುಳು ಹೊಕ್ಕ, ಇರುವೆ ಮನೆಮಾಡಿದ ಕಾಂಡವನ್ನು. ಗೂಡನ್ನು ಕೊರೆಯುವುದೂ ಹೆಚ್ಚಾಗಿ ನಿಂತಲ್ಲೇ ಒಣಗಿದ ದೊಡ್ಡ ಮರದಲ್ಲಿ, ನೆಲದಿಂದ ಬಹು ಎತ್ತರದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಅದರ ಸಂತಾನಕಾಲ. ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಅದು ಬಿಟ್ಟುಹೋದ ಪೊಟರೆಗಳು ಮುಂದೆ ಗೂಬೆ, ಗಿಳಿ, ಅಳಿಲುಗಳಿಗೆ ಆಶ್ರಯವಾಗುತ್ತವೆ.

ತೊಡಕಿರುವುದು ಇಲ್ಲಿಯೇ. ಬಚ್ಚಲೊಲೆಗೂ ಅಡಿಕೆ ಬೇಯಿಸುವ ಒಲೆಗೂ ಸೌದೆ ಬೇಕು. ಮಳೆಗಾಲಕ್ಕೆ ಮುನ್ನ ಅದನ್ನು ಕೂಡಿಹಾಕಲು ಹೊರಟಾಗ ನಮ್ಮ ಕಣ್ಣಿಗೆ ಮೊದಲು ಬೀಳುವುದು ಒಣಮರವೇ. ಹಸಿರು ಮರವನ್ನು ಉಳಿಸಿದೆವೆಂಬ ಸಮಾಧಾನದಲ್ಲಿ ನಾವು ಒಂದು ಸಂಸಾರದ ಮನೆಯನ್ನೇ ಉರುಳಿಸಿರುತ್ತೇವೆ.

ಇದೇ ಜಾತಿಯ ಹಕ್ಕಿ ಜಪಾನಿನ ತ್ಸುಶಿಮಾ ದ್ವೀಪದಲ್ಲಿಯೂ ಇತ್ತು. 1920ರ ಹೊತ್ತಿಗೆ ಅದು ಅಲ್ಲಿಂದ ಕಣ್ಮರೆಯಾಯಿತು, ಮತ್ತೆ ಮರಳಲಿಲ್ಲ. ನಮ್ಮ ಘಟ್ಟದ ಕಾಡಿನಲ್ಲಿ ಅದಿನ್ನೂ ಉಳಿದಿರುವುದು ನಮ್ಮ ಭಾಗ್ಯ.

ಆದುದರಿಂದ ಸೊಪ್ಪಿನ ಬೆಟ್ಟವುಳ್ಳ ನಮ್ಮ ಓದುಗರಲ್ಲಿ ಒಂದು ವಿನಂತಿ. ಒಣಮರಕ್ಕೆ ಕೊಡಲಿಯಿಡುವ ಮುನ್ನ ಒಮ್ಮೆ ತಲೆಯೆತ್ತಿ ನೋಡೋಣ. ಬುಡದಲ್ಲಿ ಹೊಸ ಚಕ್ಕೆಗಳು ಬಿದ್ದಿವೆಯೇ ಎಂದು ಪರೀಕ್ಷಿಸೋಣ. ಬಿದ್ದಿದ್ದರೆ ಆ ಮರವನ್ನು ಹಾಗೆಯೇ ಬಿಡೋಣ. ಒಂದೆರಡು ಗಾಡಿ ಸೌದೆ ಕಡಿಮೆಯಾದರೂ ಮನೆ ನಡೆದೀತು. ಆ ಹಕ್ಕಿಗೆ ಬೇರೆ ಮನೆಯಿಲ್ಲ.