ಮಂಡ್ಯದ ಮತ, ಮಠದ ಮಾತು



ಮಂಡ್ಯದಲ್ಲಿ ಜಾತಿಯೇ ಪಕ್ಷ ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ. 2018ರಲ್ಲಿ ಜಿಲ್ಲೆಯ ಏಳೂ ವಿಧಾನಸಭಾ ಕ್ಷೇತ್ರಗಳು ಜಾತ್ಯತೀತ ಜನತಾದಳದ ಪಾಲಾದವು. ಮರುವರ್ಷವೇ ಇಲ್ಲಿಯ ಮತದಾರರು ದಳದ ವರಿಷ್ಠರ ಮೊಮ್ಮಗನನ್ನು 1,25,876 ಮತಗಳಿಂದ ಸೋಲಿಸಿ, ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರನ್ನು ಲೋಕಸಭೆಗೆ ಕಳುಹಿಸಿದರು. 2023ರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಾಂಗ್ರೆಸ್ಸಿಗೆ. 2024ರಲ್ಲಿ ಬಿಜೆಪಿಯೊಡನೆ ಕೈಜೋಡಿಸಿದ ಎಚ್.ಡಿ. ಕುಮಾರಸ್ವಾಮಿಯವರಿಗೆ ಭಾರೀ ಗೆಲುವು. ಆರು ವರ್ಷಗಳಲ್ಲಿ ಯಾರ ಜಾತಿಯೂ ಬದಲಾಗಲಿಲ್ಲ, ಮತ ಮಾತ್ರ ಮೂರು ಬಾರಿ ಹೊರಳಿತು.

ಜಾತಿ ಇಲ್ಲಿ ಗೆಲ್ಲಿಸುವುದಕ್ಕಿಂತ ಹೆಚ್ಚಾಗಿ ಟಿಕೆಟ್ ಕೊಡಿಸುತ್ತದೆ. ಮಂಡ್ಯ, ಮದ್ದೂರುಗಳಲ್ಲಿ ದೊಡ್ಡ ಪಕ್ಷಗಳು ಸಾಮಾನ್ಯವಾಗಿ ಒಕ್ಕಲಿಗರನ್ನೇ ನಿಲ್ಲಿಸುತ್ತವೆ. ಎದುರುಬದುರು ಒಂದೇ ಜಾತಿಯವರು ನಿಂತ ಮೇಲೆ ರೈತ ನೋಡುವುದು ನಾಲೆಯ ನೀರು, ಕಬ್ಬಿನ ಬಾಕಿ, ಮನೆತನದ ಹಂಗು, ಊರೊಳಗಿನ ಪಾರ್ಟಿ. ಮಳವಳ್ಳಿಯದು ಬೇರೆ ಕಥೆ. ಅದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಒಕ್ಕಲಿಗರಾಗಲಿ ಲಿಂಗಾಯತರಾಗಲಿ ದಲಿತ ಅಭ್ಯರ್ಥಿಗಳಲ್ಲೇ ಒಬ್ಬರನ್ನು ಆರಿಸಬೇಕು. 'ನಮ್ಮವನು' ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. (ಮತ ಹಾಕಿದ ಕೈ ಅದೇ ಶಾಸಕನ ಕೇರಿಯವರಿಗೆ ಮನೆಯೊಳಗೆ ಮಣೆ ಹಾಕುತ್ತದೆಯೇ? ಇದನ್ನು ಮೊದಲು ಕೇಳಿಕೊಳ್ಳಬೇಕಾದವರು ಲಿಂಗ ಕಟ್ಟಿಕೊಂಡ ನಾವು.)

ನಮ್ಮ ಸಂಖ್ಯೆ ಈ ಸೀಮೆಯಲ್ಲಿ ಕಡಿಮೆ. ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪನವರೂ ಶಾಸಕರಾದದ್ದು ದೂರದ ಶಿಕಾರಿಪುರದಿಂದ. 1990ರಲ್ಲಿ ವೀರೇಂದ್ರ ಪಾಟೀಲರನ್ನು ಇಳಿಸಿದ ಮೇಲೆ ಉತ್ತರದ ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರ ಸರಿದರು. ಆ ಕಥೆಯನ್ನೇ ಹಿಡಿದು ಇಲ್ಲಿಯ ಲಿಂಗಾಯತ ಮತಗಳನ್ನೂ ಒಂದೇ ಗಂಟಾಗಿ ಎಣಿಸುತ್ತಾರೆ. ಆ ಗಂಟನ್ನು ಮಠದ ಬಾಗಿಲಲ್ಲಿ ಕೇಳಲು ಬರುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ.

2023ರ ಚುನಾವಣೆಗೆ ಮುನ್ನ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಮಾತೆದ್ದಿತು. ಚಲನಚಿತ್ರ ತೆಗೆಯುವ ಸಿದ್ಧತೆಯೂ ನಡೆಯಿತು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಇತಿಹಾಸದ ಆಧಾರವಿಲ್ಲದೆ ಗೊಂದಲ ಬೇಡವೆಂದರು, ಚಿತ್ರ ಅಲ್ಲಿಗೇ ನಿಂತಿತು. ಅದು ನಮ್ಮ ಪರಂಪರೆಯ ಮಠವಲ್ಲ. ಆದರೂ ಮಠದ ಮಾತು ಎಲ್ಲಿಯವರೆಗೆ ಹೋಗಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಈ ಜಿಲ್ಲೆಯಲ್ಲಿ ನಮಗೆ ಸಿಗಲಿಲ್ಲ.

ಮುಂದಿನ ಸಲ ಅಭ್ಯರ್ಥಿಗಳು ಬಂದರೆ ಪ್ರಸಾದ ಕೊಡೋಣ, ವೇದಿಕೆ ಬೇಡ. ಯಾರಿಗೆ ಹಾಕಲಿ ಬುದ್ಧೀ ಎಂದು ಭಕ್ತರು ಕೇಳಿದರೆ, ನಾಲೆಯ ಕೊನೆಯ ಗದ್ದೆಗೆ ನೀರು ಬಂತೇ, ಅದನ್ನು ತಂದವರಾರು ಎಂದು ಪೂಜ್ಯರು ತಿರುಗಿ ಕೇಳಲಿ.