ಇವರದು ಹವ್ಯಾಸ, ಅವರದು ಕಳವು!

ಕಳೆದ ಸಂಕ್ರಾಂತಿಗೆ ನನ್ನ ಸೋದರಳಿಯ ಮೆಲ್ಬರ್ನಿನಿಂದ ಬಂಗಾರಪೇಟೆಗೆ ಬಂದಿದ್ದ. ಎಳ್ಳು ಬೀರಿ ಮುಗಿದ ಮೇಲೆ ತನ್ನ ಪೆಟ್ಟಿಗೆಯಿಂದ ಮೂರು ತುಂಡು ಕೋಲನ್ನು ತೆಗೆದು ಒಂದಾಗಿ ಜೋಡಿಸಿದ. ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಒಂದು ಚಕ್ರ, ಹಿಡಿಯ ಬಳಿ ಒಂದು ಸಣ್ಣ ಡಬ್ಬಿ. “ಲೋಹಶೋಧಕ, ಮಾವ. ಭಾನುವಾರ ಬೆಳಗಿನ ಜಾವಕ್ಕೇ ಸಮುದ್ರತೀರಕ್ಕೆ ಹೋಗಿಬಿಡುತ್ತೇನೆ. ಮರಳ ಮೇಲೆ ಇದನ್ನು ಆಡಿಸಿಕೊಂಡು ನಡೆಯುವುದು. ಕುಂಯ್ ಎಂದಲ್ಲಿ ಅಗೆಯುವುದು” ಎಂದ. ನಾಣ್ಯಗಳು ಸಿಕ್ಕಿವೆಯಂತೆ, ಬೀಗದ ಕೈಗಳು ಸಿಕ್ಕಿವೆಯಂತೆ. ಒಮ್ಮೆ ಮದುವೆಯ ಉಂಗುರವೊಂದು ಸಿಕ್ಕಿ, ಕಳೆದುಕೊಂಡ ಹೆಣ್ಣುಮಗಳನ್ನು ಹುಡುಕಿ ಕೊಟ್ಟನಂತೆ. ಹುಡುಗ ಒಳ್ಳೆಯವನು. ಅವನ ಮೇಲೆ ನನ್ನ ಜಗಳವಿಲ್ಲ.

ಜಗಳ ಶುರುವಾದದ್ದು ಸಂಜೆ, ನಮ್ಮ ಜಗಲಿಯ ಮೇಲೆ. ಬೀದಿಯ ನಾಲ್ಕು ಮಂದಿ ಹಿರಿಯರು ಕಾಫಿಗೆ ಬಂದಿದ್ದರು. ಯಂತ್ರವನ್ನು ನೋಡಿದ್ದೇ ತಡ, ನಿವೃತ್ತ ಅಧಿಕಾರಿಯೊಬ್ಬರು ಉತ್ಸಾಹದಿಂದ ಹೇಳಿದರು: “ನಾವೂ ಒಂದು ಸಂಘ ಮಾಡೋಣ ಸ್ವಾಮಿ. ಚಿನ್ನದ ಗಣಿಯ ಪಕ್ಕದಲ್ಲೇ ಇದ್ದೇವೆ. ಸೈನೈಡ್ ದಿಬ್ಬ ಇದೆ, ಹಳೇ ಕೋಟೆಗಳಿವೆ, ಪಾಳು ಗುಡಿಗಳಿವೆ. ಬೆಂಗಳೂರಿನವರು ಕಾರು ಹತ್ತಿಕೊಂಡು ಬರುತ್ತಾರೆ. ಊರಿಗೂ ಹೆಸರು, ಒಳ್ಳೆಯ ಹವ್ಯಾಸ.” ಉಳಿದವರೆಲ್ಲ ತಲೆದೂಗಿದರು. ನಾನು ಬೇಡವೆಂದೆ. “ಕನ್ನಡ ಮೇಷ್ಟರಿಗೆ ಯಾವುದು ತಾನೆ ಬೇಕು?” ಎಂದು ನಕ್ಕರು. ಜಗಲಿಯ ಮೇಲೆ ನಾನು ಸರಿಯಾಗಿ ಉತ್ತರ ಕೊಡಲಾರದೆ ಹೋದೆ. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇನೆ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡುತ್ತೇನೆ. ಜನ ಓಡಾಡುವ ಸಮುದ್ರತೀರದಲ್ಲಿ ಈ ಹವ್ಯಾಸ ಬಹುಮಟ್ಟಿಗೆ ನಿರಪಾಯಕರವಾದುದು. ಅಲೆ ದಿನವೂ ಮರಳನ್ನು ಕಲಸುತ್ತದೆ. ನಿನ್ನೆ ಬಿದ್ದ ಉಂಗುರಕ್ಕೂ ಹೋದ ವರ್ಷ ಬಿದ್ದ ನಾಣ್ಯಕ್ಕೂ ಅಲ್ಲಿ ನೆಲೆಯೆಂಬುದಿಲ್ಲ. ಗುಂಡಿ ತೋಡಿದವನು ಮುಚ್ಚಿ ಬಂದರೆ, ಸಿಕ್ಕಿದ್ದನ್ನು ವಾರಸುದಾರರಿಗೆ ಒಪ್ಪಿಸಿದರೆ, ಅದರಿಂದ ಯಾರಿಗೂ ಕೆಡುಕಿಲ್ಲ. ಆದರೆ ಕಡಲತೀರದ ನ್ಯಾಯವನ್ನು ಕೋಲಾರದ ನೆಲಕ್ಕೆ ತರುವುದು ಸಲ್ಲದು. ಏಕೆ ಸಲ್ಲದೆಂಬುದನ್ನು ಮರುದಿನ ಆ ಯಂತ್ರವೇ ತೋರಿಸಿಕೊಟ್ಟಿತು.

ಅಳಿಯನ ಒತ್ತಾಯಕ್ಕೆ ನಾನು ಅವನನ್ನು ಮಾರಿಕುಪ್ಪಂ ರೈಲಿನಲ್ಲಿ ಕರೆದುಕೊಂಡು ಹೋದೆ. ದಿಬ್ಬಗಳ ಮೇಲೆ ಹತ್ತಲು ನಾನು ಬಿಡಲಿಲ್ಲ. ಅದು ಗಣಿಯ ಆಸ್ತಿ. ರಸ್ತೆಯ ಬದಿಯಲ್ಲಿ ಮಾತ್ರ ಯಂತ್ರವನ್ನು ಆಡಿಸಿದ. ಅರ್ಧ ಗಂಟೆಯಲ್ಲಿ ಅದು ಮೂವತ್ತು ಸಾರಿಯಾದರೂ ಕೂಗಿರಬೇಕು. ಸಿಕ್ಕಿದ್ದು ತುಕ್ಕು ಹಿಡಿದ ಮೊಳೆ, ತಂತಿಯ ತುಂಡು, ಸೋಡಾ ಬಾಟಲಿಯ ಮುಚ್ಚಳ, ಯಾವುದೋ ಯಂತ್ರದ ಮುರಿದ ಬೋಲ್ಟು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ತಗುಲಿದಾಗ, ಮೈಯೊಳಗಿನ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಉಪಕರಣವನ್ನು ತಂದರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದನ್ನು ದಾರಿ ತಪ್ಪಿಸಿದವೆಂದು ಹೇಳುತ್ತಾರೆ. ಯಂತ್ರಕ್ಕೆ ಲೋಹ ಕೇಳಿಸುತ್ತದೆಯೇ ಹೊರತು ಅದರ ಬೆಲೆ ಕೇಳಿಸುವುದಿಲ್ಲ.

ಚಿನ್ನವಾದರೂ ಏಕೆ ಸಿಕ್ಕಲಿಲ್ಲ? ಅಳಿಯನ ವಿಕ್ಟೋರಿಯಾ ಪ್ರಾಂತದಲ್ಲಿ ಚಿನ್ನ ಗಟ್ಟಿಗಳಾಗಿಯೂ ಸಿಕ್ಕುವುದುಂಟು. 1980ರಲ್ಲಿ ಕಿಂಗೋವರ್ ಎಂಬಲ್ಲಿ ಸುಮಾರು 27 ಕಿಲೋ ತೂಕದ ಒಂದೇ ಗಟ್ಟಿ ಇಂಥ ಯಂತ್ರಕ್ಕೇ ಸಿಕ್ಕಿತು. ನಮ್ಮ ಗಣಿಯದು ಬೇರೆ ಜಾತಿ. ಇಲ್ಲಿ ಚಿನ್ನ ಬೆಣಚುಕಲ್ಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿದೆ. ಆ ಕಲ್ಲನ್ನು ಹಿಟ್ಟಾಗಿ ಕುಟ್ಟಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಹಿಟ್ಟನ್ನು ಸುರಿದಾಗ ಬೆಳೆದವು ಈ ದಿಬ್ಬಗಳು. ಒಂದು ಟನ್ನು ಹಿಟ್ಟಿನಲ್ಲಿ ಒಂದು ಗ್ರಾಮು ಚಿನ್ನವೂ ಉಳಿದಿಲ್ಲ. ಅದನ್ನು ಯಾವ ಕೋಲೂ ಕೇಳಲಾರದು. ಆದುದರಿಂದ ನಮ್ಮ ಹಿರಿಯರ ಸಂಘ ಇಲ್ಲಿ ಗಳಿಸುವುದು ಮೊಳೆ, ಮುಚ್ಚಳ ಮತ್ತು ಮೂಗಿಗೆ ಸೈನೈಡ್ ದಿಬ್ಬದ ಧೂಳು ಮಾತ್ರ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ನಾವು ಹಿಂದಿರುಗಲು ಹೊರಟಾಗ, ಅಷ್ಟು ಹೊತ್ತೂ ಬೇಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದ ಒಬ್ಬ ಮುದುಕ ಎದ್ದು ಬಂದ. ಗಣಿಯಲ್ಲಿ ದುಡಿದವನೆಂದು ಅವನ ಕೆಮ್ಮೇ ಹೇಳುತ್ತಿತ್ತು. ತಮಿಳು ಬೆರೆಸಿದ ಕನ್ನಡದಲ್ಲಿ ಹೇಳಿದ: “ಸಾರ್, ನೀವು ತೋಡಿದರೆ ಆಟ. ನಮ್ಮ ಹುಡುಗರು ಬಗ್ಗಿದರೆ ಕೇಸು.” ಕೋಪವಿಲ್ಲದೆ ಹೇಳಿದ, ಬೀಡಿ ಹಚ್ಚಿಕೊಂಡು ಹೊರಟುಹೋದ. ಈ ಲೇಖನವನ್ನು ನಿಜವಾಗಿ ಬರೆಸಿದವನು ಅವನು.

ಅವನ ಮಾತು ಎಷ್ಟು ನಿಜವೆಂಬುದನ್ನು ನೋಡೋಣ. ಈ ನೆಲದಲ್ಲಿ ಚಿನ್ನವುಂಟೆಂಬುದನ್ನು ಯಾವ ಕಂಪನಿಯೂ ಕಂಡುಹಿಡಿಯಲಿಲ್ಲ. 1802ರಲ್ಲಿ ಮೈಸೂರು ರಾಜ್ಯದ ಮೂಡಣ ಗಡಿಯನ್ನು ಅಳೆಯಲು ಬಂದ ಲೆಫ್ಟೆನೆಂಟ್ ಜಾನ್ ವಾರೆನ್ ಚಿನ್ನದ ಸುದ್ದಿಯನ್ನು ಕೇಳಿದ್ದು ಹಳ್ಳಿಗರ ಬಾಯಲ್ಲಿ. ಬಹುಮಾನದ ಆಸೆ ತೋರಿಸಿದಾಗ ಊರಿಗಾಂ, ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತಂದು, ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿಕೊಟ್ಟರು. ಆ ವಿದ್ಯೆ ಅವರಿಗೆ ತಲೆತಲಾಂತರದಿಂದ ಬಂದದ್ದು. ನಮ್ಮ ಭಾಷೆಯಲ್ಲಿ ಅಂಥವನಿಗೊಂದು ಹೆಸರೇ ಇತ್ತು: ಜಲಗಾರ. ಕುವೆಂಪು ಅವರ ನಾಟಕದಿಂದ ಬೀದಿ ಗುಡಿಸುವವನೆಂಬ ಅರ್ಥ ಈಗ ಎಲ್ಲರಿಗೂ ಗೊತ್ತು. ನಿಘಂಟನ್ನು ತೆರೆದರೆ ಮಣ್ಣು ತೊಳೆದು ಹೊನ್ನು ತೆಗೆಯುವವನೆಂಬ ಅರ್ಥವೂ ಸಿಕ್ಕುತ್ತದೆ. ಹೊನ್ನು ತೆಗೆಯುವ ಮಾತೇ ಕಸ ತೆಗೆಯುವ ಮಾತೂ ಆಗಿದೆ. ನಾವು ಅವನನ್ನು ಎಲ್ಲಿ ನಿಲ್ಲಿಸಿದೆವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆಮೇಲೆ ಬಂದವರು ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲಸಿದ್ದ ಲ್ಯಾವೆಲ್, ಅವರ ಹಿಂದೆ 1880ರಲ್ಲಿ ಜಾನ್ ಟೇಲರ್ ಕಂಪನಿಯವರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ನು ಚಿನ್ನವನ್ನು ಮೇಲೆ ತಂದವರು ತಮಿಳುನಾಡು, ಆಂಧ್ರ ಮತ್ತು ನಮ್ಮ ಹಳ್ಳಿಗಳ ಬಡವರು. ಪಾಳಿ ಮುಗಿಸಿ ಬೆಳಕಿಗೆ ಬಂದವನನ್ನು ನಿಲ್ಲಿಸಿ ಮೈ ತಡವಿ ನೋಡುತ್ತಿದ್ದರು. ಅದಿರಿನ ಒಂದು ಚೂರು ಕೈಯಲ್ಲಿ ಸಿಕ್ಕಿದರೂ ಅವನು ಕಳ್ಳ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಆ ಮನೆಗಳ ಮಕ್ಕಳು ಬೆಳಗಿನ ರೈಲಿಗೆ ಜೋತುಬಿದ್ದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುತ್ತಾರೆ. ನನ್ನ ತರಗತಿಯಲ್ಲಿ ಕುಳಿತಿದ್ದ ಎಷ್ಟೋ ಹುಡುಗರನ್ನು ಈಗ ನಾನು ನೋಡುವುದು ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನ ಮೇಲೆ.

ಇನ್ನು ಕೆಲವರು ಮುಚ್ಚಿದ ಗಣಿಗೆ ಕಳ್ಳದಾರಿಯಿಂದ ಇಳಿಯುತ್ತಾರೆ. 2020ರ ಮೇ ತಿಂಗಳಿನಲ್ಲಿ ಮಾರಿಕುಪ್ಪಂ ಬಳಿ ಹಾಗೆ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಅವರು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಕತ್ತಲೆಯ ಬಾವಿಗೆ ಇಳಿಯುವುದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ನನ್ನ ಪ್ರಶ್ನೆ ಜಗಲಿಯ ಮಹನೀಯರಿಗೆ. ಅದೇ ನೆಲದ ಮೇಲೆ, ಅದೇ ಲೋಹದ ಆಸೆಯಿಂದ, ಟೋಪಿ ಹಾಕಿಕೊಂಡು ಯಂತ್ರ ಹಿಡಿದು ನಡೆದರೆ ಅದು ‘ಹವ್ಯಾಸ’ ಹೇಗಾಯಿತು? ಹೊಟ್ಟೆ ತುಂಬಿದವನ ಆಸೆಗೆ ಒಂದು ಹೆಸರು, ಹಸಿದವನ ಆಸೆಗೆ ಇನ್ನೊಂದು ಹೆಸರೇ?

“ಆಸ್ಟ್ರೇಲಿಯದಲ್ಲಿ ನಡೆಯುವುದಿಲ್ಲವೇ?” ಎಂದು ಅವರು ಕೇಳುತ್ತಾರೆ. ನಡೆಯುತ್ತದೆ, ಹೇಗೆ ನಡೆಯುತ್ತದೆಂಬುದನ್ನೂ ಕೇಳಬೇಕು. ವಿಕ್ಟೋರಿಯಾದಲ್ಲಿ ಅಲ್ಪ ಶುಲ್ಕ ಕೊಟ್ಟವರಿಗೆ ‘ಗಣಿಗಾರನ ಹಕ್ಕು’ ಎಂಬ ಪತ್ರ ಸಿಕ್ಕುತ್ತದೆ. ಗೊತ್ತುಪಡಿಸಿದ ನೆಲದಲ್ಲಿ ಕೈಯಿಂದ ಅಗೆದು ಸಿಕ್ಕ ಚಿನ್ನವನ್ನು ಅವರು ಇಟ್ಟುಕೊಳ್ಳಬಹುದು. ಆ ಪತ್ರವನ್ನು ದೊರೆಗಳು ದಯಪಾಲಿಸಲಿಲ್ಲ. 1854ರಲ್ಲಿ ಬ್ಯಾಲರಾಟಿನ ಯುರೇಕಾದಲ್ಲಿ ಬಡ ಗಣಿಗಾರರು ಸರ್ಕಾರದ ಲೈಸೆನ್ಸು ಶುಲ್ಕದ ವಿರುದ್ಧ ದಂಗೆಯೆದ್ದು, ಸಿಪಾಯಿಗಳ ಗುಂಡಿಗೆ ಬಲಿಯಾದರು. ಮರುವರ್ಷ, 1855ರಲ್ಲಿ ಈ ಹಕ್ಕು ಬಂತು. ನನ್ನ ಅಳಿಯನ ಜೇಬಿನಲ್ಲಿರುವ ಕಾಗದ ಆ ಬಡವರು ಗೆದ್ದುಕೊಟ್ಟದ್ದು. ಇದನ್ನು ಹೇಳಿದಾಗ ಅವನಿಗೇ ಆಶ್ಚರ್ಯವಾಯಿತು. ಅಲ್ಲಿ ಹಕ್ಕು ಮೊದಲು ಬಂತು, ವಿನೋದ ಆಮೇಲೆ ಬಂತು. ನಮ್ಮಲ್ಲಿ ದುಡಿದವನಿಗೆ ಹಕ್ಕಿಲ್ಲದಿರುವಾಗ ನೋಡಲು ಬಂದವನಿಗೆ ವಿನೋದವನ್ನು ಏರ್ಪಡಿಸಲು ಹೊರಟಿದ್ದೇವೆ.

ಈಗ ಹಳೇ ಕೋಟೆ, ಪಾಳು ಗುಡಿಗಳ ವಿಚಾರ. ಇಲ್ಲಿ ನನ್ನ ಕೋಪ ಇನ್ನೂ ಹೆಚ್ಚು. ಹಿಂದೆ ನಿಧಿಯ ಹುಚ್ಚು ಹಿಡಿದವರು ಅಂಜನ ಹಾಕಿಸುತ್ತಿದ್ದರು. ಅಮಾವಾಸ್ಯೆಯ ರಾತ್ರಿ ಕೋಳಿ ಕೊಯ್ದು ಗರ್ಭಗುಡಿಯನ್ನು ಅಗೆಯುತ್ತಿದ್ದರು. ಈಗ ಅಂಜನದ ಸ್ಥಾನಕ್ಕೆ ಯಂತ್ರ ಬಂದಿದೆ. ಯಾರು ಬೇಕಾದರೂ ಮನೆಬಾಗಿಲಿಗೆ ತರಿಸಿಕೊಳ್ಳಬಹುದು. ಹುಚ್ಚು ಮಾತ್ರ ಹಳೆಯದೇ. ಬಿ. ಎಲ್. ರೈಸರು ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದರು. ಅದನ್ನು ಕೈಯಲ್ಲಿ ಹಿಡಿದು ನಾನು ಹಳ್ಳಿಗಳನ್ನು ಸುತ್ತಿದ್ದೇನೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ವೀರಗಲ್ಲು ಬುಡಮೇಲಾಗಿ ಬಿದ್ದಿರುವುದನ್ನು, ಅದರ ಕೆಳಗೆ ಆಳುದ್ದದ ಗುಂಡಿಯಿರುವುದನ್ನು ಕಣ್ಣಾರೆ ಕಂಡಿದ್ದೇನೆ. ವೀರಗಲ್ಲಿನ ಕೆಳಗೆ ಹೊನ್ನಿನ ಕೊಪ್ಪರಿಗೆಯನ್ನು ಯಾರಿಟ್ಟಾರು? ಊರಿಗಾಗಿ ಸತ್ತವನಿಗೆ ಊರು ಕೊಟ್ಟ ಆಸ್ತಿ ಆ ಕಲ್ಲೊಂದೇ.

ಅಗೆದವನಿಗೆ ಒಂದು ನಾಣ್ಯ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದು ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆಯ ಚೂರಿತ್ತು, ಬೂದಿಯಿತ್ತೇ, ಎಲುಬಿತ್ತೇ? ಇವೆಲ್ಲ ಸೇರಿದರೆ ಚರಿತ್ರೆ. ನಾಣ್ಯವನ್ನು ಕಿತ್ತು ಜೇಬಿಗೆ ಹಾಕಿದರೆ ಉಳಿಯುವುದು ತೂಕ. ಪುಸ್ತಕದಿಂದ ಒಂದು ಅಕ್ಷರವನ್ನು ಕತ್ತರಿಸಿಕೊಂಡು ಉಳಿದ ಹಾಳೆಯನ್ನು ಸುಟ್ಟವನನ್ನು ನಾವು ಓದುಗನೆನ್ನುವುದಿಲ್ಲ.

“ಹಾಗಾದರೆ ಕಾನೂನು ಇದೆಯಲ್ಲ” ಎನ್ನಬಹುದು. ಇದೆ. 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸತಕ್ಕದ್ದು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ. ಆದರೆ ಅದೇ ಕಾಯ್ದೆ, ವಾರಸುದಾರರಿಲ್ಲದ ನಿಧಿಯಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ಮುಕ್ಕಾಲು ಪಾಲು ಸಿಕ್ಕಿದವನಿಗೆ, ಕಾಲು ಪಾಲು ನೆಲದವನಿಗೆ ಎಂದಿತು. ಸರ್ಕಾರವೇ ಅದನ್ನು ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕೆಂದಿತು. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯ್ದೆಯನ್ನು ಮಾಡಿಕೊಂಡಿತು. ಪಾಯ ಅಗೆಯುವ ಕೂಲಿಗೆ, ಹೊಲ ಉಳುವ ರೈತನಿಗೆ ಇದನ್ನೆಲ್ಲ ಹೇಳಿದವರು ಯಾರು? ಅವನಿಗೆ ಗೊತ್ತಿರುವುದು ಪೊಲೀಸರ ಭಯವೊಂದೇ. ಆದುದರಿಂದ ಸಿಕ್ಕಿದ್ದು ರಾತ್ರೋರಾತ್ರಿ ಅಕ್ಕಸಾಲಿಯ ಮೂಸೆಗೆ ಬೀಳುತ್ತದೆ.

ಇಂಗ್ಲೆಂಡು ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. 1996ರಲ್ಲಿ ಹೊಸ ಕಾನೂನು ಮಾಡಿ, 1997ರಿಂದ ಪ್ರಾಂತಗಳಲ್ಲಿ ಅಧಿಕಾರಿಗಳನ್ನು ನೇಮಿಸಿ, ಜನ ಕಂಡ ಹಳೆಯ ವಸ್ತುಗಳನ್ನು ದಾಖಲೆ ಮಾಡತೊಡಗಿತು. 2009ರಲ್ಲಿ ಸ್ಟಾಫರ್ಡ್‌ಷೈರಿನ ಹೊಲವೊಂದರಲ್ಲಿ ಹವ್ಯಾಸಿಯೊಬ್ಬನ ಯಂತ್ರಕ್ಕೆ ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಸಿಕ್ಕಿತು. ಅವನು ಅದನ್ನು ತಿಳಿಸಿದ, ವಿದ್ವಾಂಸರು ಬಂದು ಕ್ರಮವಾಗಿ ಅಗೆದರು. ಬೆಲೆಯನ್ನು ಅವನಿಗೂ ಹೊಲದ ರೈತನಿಗೂ ಸಮನಾಗಿ ಹಂಚಿದರು; ವಸ್ತುಗಳು ಮ್ಯೂಸಿಯಮ್ಮಿಗೆ ಹೋದವು. ಅಲ್ಲಿಯ ಹವ್ಯಾಸವನ್ನು ತರಬೇಕೆನ್ನುವವರು ಅಲ್ಲಿಯ ಕಚೇರಿಯನ್ನು ಮೊದಲು ತರಲಿ.

ನಾನು ಕೇಳುವುದು ಮೂರೇ ಸಂಗತಿ. ಕಡಲತೀರದಲ್ಲಿ ಆಡುವವರು ಆಡಿಕೊಳ್ಳಲಿ. ಊರ ನೆಲದಲ್ಲಿ, ಗುಡಿ ಕೋಟೆಗಳ ಸುತ್ತ ಅನುಮತಿಯಿಲ್ಲದೆ ಯಂತ್ರ ಆಡಿಸುವುದನ್ನು ಅಪರಾಧವೆಂದೇ ಎಣಿಸಬೇಕು, ಹಿಡಿದವನು ಯಾವ ಅಂತಸ್ತಿನವನಾದರೂ ಸರಿ. ಎರಡನೆಯದು, ತಾಲ್ಲೂಕು ಕಚೇರಿಯಲ್ಲಿ ಒಬ್ಬ ತಿಳಿದವನನ್ನು ಕೂರಿಸಬೇಕು. ಸಿಕ್ಕಿದ್ದನ್ನು ತಂದು ಒಪ್ಪಿಸಿದವನಿಗೆ ರಶೀದಿ, ಗೌರವ, ಬೇಗನೆ ಪಾಲು ಸಿಕ್ಕಬೇಕು. ಮೂರನೆಯದು ದಿಬ್ಬಗಳದು. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಈ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು ಮೂರು ಕೋಟಿ ಮೂವತ್ತು ಲಕ್ಷ ಟನ್ನು ಹಿಟ್ಟಿನ ಮಾತು ಅದು. ತಲೆಮಾರುಗಳ ಕಾಲ ಆ ಧೂಳನ್ನು ಉಸಿರಾಡಿದವರಿಗೆ ಅದರಲ್ಲಿ ಮೊದಲ ಕೆಲಸ, ಮೊದಲ ಪಾಲು ಸಲ್ಲಬೇಕು.

ಅಳಿಯ ಊರಿಗೆ ಹೊರಡುವ ಮುನ್ನ ಯಂತ್ರವನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ. “ಇಲ್ಲಿ ಬಿಟ್ಟು ಹೋಗಲೇ ಮಾವ?” ಎಂದು ಕೇಳಿದ್ದ, ನಾನೇ ಬೇಡವೆಂದೆ. ಅವನು ತೋಡಿ ತೆಗೆದ ಬೋಲ್ಟನ್ನು ಮಾತ್ರ ಇರಿಸಿಕೊಂಡಿದ್ದೇನೆ. ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಅದೇ ಕುಳಿತಿದೆ. ಜಗಲಿಯ ಹಿರಿಯರು ಸಂಘದ ಮಾತನ್ನು ಮತ್ತೆ ಎತ್ತಿದ ದಿನ ಅದನ್ನು ಅವರ ಮುಂದಿಟ್ಟು, ಬೇಲಿಯ ಪಕ್ಕದ ಮುದುಕ ಹೇಳಿದ್ದನ್ನು ಹೇಳುತ್ತೇನೆ. ಅದಕ್ಕೆ ಉತ್ತರ ಕೊಟ್ಟ ಮೇಲೆ ಅವರು ಸಂಘ ಕಟ್ಟಲಿ.