ಮೂಕಪ್ರಾಣಿಯ ಪರವಾಗಿ ಒಂದೇ ಮಾತು

ಮನೆಗೆ ನಾಯಿಮರಿ ಬಂತೆಂದರೆ ಮಕ್ಕಳಿಗೆ ಹಬ್ಬ. ಹೆಸರಿಡುವುದೇನು, ಮಲಗಲು ಅಜ್ಜಿಯ ಹಳೆಯ ಸೀರೆ ಹಾಸುವುದೇನು! ಆದರೆ ಪಶುವೈದ್ಯರ ಬಳಿ ಕರೆದೊಯ್ಯುವ ಮಾತು ಬಂದಾಗ ಮಾತ್ರ, ‘ಗೇಟು ದಾಟದ ಮರಿಗೆ ಚುಚ್ಚುಮದ್ದು ಯಾಕೆ?’ ಎಂದು ದೊಡ್ಡವರು ಕೇಳುತ್ತಾರೆ. ಮರಿ ಗೇಟು ದಾಟದಿದ್ದರೂ ಬೀದಿನಾಯಿ ಗೇಟಿನೊಳಗೆ ಬರಬಹುದಲ್ಲ!

ಇಲ್ಲಿ ಭಯವಿರುವುದು ರೇಬಿಸ್ ರೋಗದ್ದು. ಮನುಷ್ಯರಿಗೆ ಈ ರೋಗ ಬರುವುದು ಬಹುಮಟ್ಟಿಗೆ ನಾಯಿಗಳಿಂದಲೇ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವವರು ಅತಿ ವಿರಳ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ಭೀಕರವಾದ ರೋಗವನ್ನು ತಡೆಯುವುದು ಮಾತ್ರ ಸುಲಭ. ಮರಿಗೆ ಮೂರು ತಿಂಗಳು ತುಂಬಿದಾಗ ಲಸಿಕೆ, ವೈದ್ಯರು ಹೇಳಿದ ದಿನ ಬೂಸ್ಟರ್, ಆಮೇಲೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದರಾಯಿತು.

ಇದನ್ನು ಮನೆಯವರಿಗೆ ತಿಳಿಸುವುದು ವೈದ್ಯರೊಬ್ಬರ ಕೆಲಸವಲ್ಲ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರಿರುತ್ತಾರೆ, ಮರಿಯನ್ನು ಹಿಡಿದುಕೊಳ್ಳುವ ಸಹಾಯಕರಿರುತ್ತಾರೆ, ಔಷಧಿ ಕೊಡುವವರಿರುತ್ತಾರೆ. ವೈದ್ಯರು ‘ಮುಂದಿನ ತಿಂಗಳು ತಪ್ಪದೆ ಬನ್ನಿ’ ಎಂದಿದ್ದನ್ನು ಹೊರಗೆ ಇನ್ನೊಬ್ಬರು ‘ಅಷ್ಟೇನೂ ಅವಸರವಿಲ್ಲ ಬಿಡಿ’ ಎಂದುಬಿಟ್ಟರೆ ಮನೆಯವರು ಯಾವುದನ್ನು ನಂಬುತ್ತಾರೆ? ತಮಗೆ ಅನುಕೂಲವಾದದ್ದನ್ನು! ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತಾಗುತ್ತದೆ. ಅದಕ್ಕೇ ಒಳ್ಳೆಯ ಆಸ್ಪತ್ರೆಯಲ್ಲಿ ಎಲ್ಲರ ಉತ್ತರವೂ ಒಂದೇ ಆಗಿರುತ್ತದೆ. ಮುಂದಿನ ತಾರೀಖು ಕಾರ್ಡಿನಲ್ಲಿ ಬರೆದಿರುತ್ತದೆ. ‘ಈಗ ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ ನೋಡೋಣ’ ಎಂದು ಮನೆಯವರ ಬಾಯಲ್ಲೇ ಹೇಳಿಸುವ ಅಭ್ಯಾಸವಿರುತ್ತದೆ.

ಹೇಳುವುದರಷ್ಟೇ ಕೇಳಿಸಿಕೊಳ್ಳುವುದೂ ಮುಖ್ಯ. ಹೀಗೆ ಊಹಿಸಿಕೊಳ್ಳಿ. ವೈದ್ಯರ ಮುಂದೆ ಬಾಯಿ ಬಿಡದ ಹುಡುಗ, ಹೊರಗೆ ಚೀಟಿ ಬರೆಯುವಾಗ ‘ಮೊನ್ನೆ ಇದು ನನ್ನ ಕೈಗೆ ಹಲ್ಲು ಹಾಕಿತು’ ಎಂದು ಮೆಲ್ಲಗೆ ಹೇಳುತ್ತಾನೆ. ‘ಮರಿ ತಾನೇ, ಆಡುತ್ತಾ ಕಚ್ಚಿರಬೇಕು’ ಎಂದು ಚೀಟಿ ಬರೆಯುವವರು ನಕ್ಕು ಸುಮ್ಮನಾದರೆ ಆ ಮಾತು ಅಲ್ಲಿಗೇ ಮುಗಿಯಿತು. ಅವರು ಎದ್ದು ಹೋಗಿ ವೈದ್ಯರ ಕಿವಿಗೆ ಹಾಕಿದರೆ, ಹುಡುಗ ಅಂದೇ ಮನುಷ್ಯರ ಆಸ್ಪತ್ರೆ ಸೇರುತ್ತಾನೆ. ಸಣ್ಣ ಕೆಲಸದಲ್ಲಿರುವವರು ಹಿಂಜರಿಯದೆ ಹೇಳುವಂತಿರಬೇಕು, ದೊಡ್ಡವರು ತಾಳ್ಮೆಯಿಂದ ಕೇಳುವಂತಿರಬೇಕು. ತಂಡ ಎನ್ನುವುದರ ಅರ್ಥ ಇದೇ. ಅದು ಒಂದು ಜೀವದ ಪ್ರಶ್ನೆಯೂ ಹೌದು.

ಕಚ್ಚಿದರೆ ಮಾಡಬೇಕಾದದ್ದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಗಾಯವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಏನನ್ನೂ ಮೆತ್ತಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಅಜ್ಜ ಅಜ್ಜಿ ಹೇಳುವ ಕಥೆಗೆ ಹೆದರಬೇಡಿ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು ಎಷ್ಟೋ ವರ್ಷಗಳಾದವು. ಈಗ ತೋಳಿಗೆ ಕೊಡುವ ನಾಲ್ಕೈದು ಸರದಿಯ ಲಸಿಕೆ ಸಾಕು. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಎಂಬ ಮದ್ದನ್ನೂ ಕೊಡುತ್ತಾರೆ.

ಚಿಕಿತ್ಸೆ ಮತ್ತು ತಿಳಿವಳಿಕೆ ಜೊತೆಜೊತೆಗೆ ಸಾಗಿದರೆ ಏನಾಗುತ್ತದೆ ಎನ್ನುವುದಕ್ಕೆ ನೆರೆಯ ಗೋವಾ ಒಳ್ಳೆಯ ಉದಾಹರಣೆ. 2013ರಿಂದ 2019ರವರೆಗೆ ಅಲ್ಲಿ ಮಿಷನ್ ರೇಬಿಸ್ ಸಂಸ್ಥೆ ಸರ್ಕಾರದೊಡನೆ ಕೂಡಿ ಕೆಲಸ ಮಾಡಿತು. ಲಸಿಕೆ ಹಾಕುವ ತಂಡಗಳು ಬೀದಿಬೀದಿ ಸುತ್ತಿ ವರ್ಷಕ್ಕೆ 95,000ಕ್ಕೂ ಹೆಚ್ಚು ನಾಯಿಗಳನ್ನು ತಲುಪಿದವು. ಬೇರೆ ತಂಡಗಳು ವರ್ಷಕ್ಕೆ ಒಂದೂವರೆ ಲಕ್ಷ ಮಕ್ಕಳಿಗೆ ರೇಬಿಸ್ ಕುರಿತು ಪಾಠ ಹೇಳಿದವು. ಪರಿಣಾಮ? ನಾಯಿಗಳಲ್ಲಿ ಪ್ರತಿ ತಿಂಗಳು ಕಾಣುತ್ತಿದ್ದ ರೇಬಿಸ್ ಪ್ರಕರಣಗಳು ಶೇ. 92ರಷ್ಟು ಇಳಿದವು. ಯೋಜನೆಯ ಕೊನೆಯ ಹೊತ್ತಿಗೆ ಮನುಷ್ಯರು ಈ ರೋಗದಿಂದ ಸಾಯುವುದು ಅಲ್ಲಿ ನಿಂತಿತ್ತು. ಲಸಿಕೆಯೊಂದಿಗೆ ಮಕ್ಕಳ ತಿಳಿವಳಿಕೆಯೂ ಬೆಳೆದಿತ್ತು ಎಂಬುದನ್ನು ಮರೆಯಬಾರದು.

ನಮ್ಮ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಿಗೆ ಸೇರುವ ಆಸೆ ಕೆಲವು ವಿದ್ಯಾರ್ಥಿಗಳಿಗಿರಬಹುದು. ಐದೂವರೆ ವರ್ಷದ ಆ ಪದವಿಯಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಪ್ರಾಣಿಯ ನಾಡಿ ಹಿಡಿಯುವುದರ ಜೊತೆಗೆ ಅದರ ಮನೆಯವರ ಮನಸ್ಸನ್ನು ಅರಿತು ಮಾತಾಡಲು ಕಲಿಯುವುದಕ್ಕೂ ಅದೇ ತಕ್ಕ ಕಾಲ.

ಉಳಿದವರೂ ಸುಮ್ಮನಿರಬೇಕಿಲ್ಲ. ನಿಮ್ಮ ಮನೆಯ ನಾಯಿಯ ಲಸಿಕೆ ಕಾರ್ಡನ್ನು ಇಂದೇ ಹುಡುಕಿ ತೆಗೆಯಿರಿ. ಮುಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಳಿಯದ್ದನ್ನು ವೈದ್ಯರ ಬಳಿ ನಾಚದೆ ಕೇಳಿ.

ಪಾಲಕರಿಗೆ ಒಂದು ಮಾತು. ನಾಯಿ ಕಚ್ಚಿತೆಂದು ಮಗು ಬಂದು ಹೇಳಿದಾಗ, ‘ಅದರ ಹತ್ತಿರ ಯಾಕೆ ಹೋದೆ?’ ಎಂದು ಗದರಬೇಡಿ. ಒಮ್ಮೆ ಗದರಿಸಿಕೊಂಡ ಮಗು ಮುಂದಿನ ಸಲ ಗಾಯವನ್ನು ಅಂಗಿಯ ತೋಳಿನೊಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಮೊದಲು ನಲ್ಲಿ ತಿರುಗಿಸಿ, ಸೋಪು ಕೈಗೆತ್ತಿಕೊಳ್ಳಿ.